ಬಿಸಿಲನಾಡಿನಲ್ಲಿ ಟಾಪ್ ತೆರೆಯುವ ಹೊತ್ತು

ಪ್ರಶ್ನೆ: ನಮಸ್ಕಾರ. ನಮ್ಮದು ಕಲಬುರಗಿ. ಹೋದ ದೀಪಾವಳಿಗೆ ಹೈದರಾಬಾದಿನಲ್ಲಿ ಎರಡು ಸೀಟಿನ ಓಪನ್ ಟಾಪ್ ಸ್ಪೋರ್ಟ್ಸ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. ಬಟ್ಟೆಯ ಟಾಪು, ಬಟನ್ ಒತ್ತಿದರೆ ಮಡಚಿಕೊಳ್ಳುತ್ತದೆ. ಚಳಿಗಾಲದಲ್ಲಿ ಊರ ಸುತ್ತಮುತ್ತ ಓಡಿಸಿ ಖುಷಿಪಟ್ಟೆವು. ಈಗ ಏಪ್ರಿಲ್‌ನಲ್ಲಿ ನಾನೂ ನನ್ನ ಹೆಂಡತಿಯೂ ಬೀದರ್, ಯಾದಗಿರಿ ಕಡೆ ಸುತ್ತಿ ಬರಬೇಕೆಂದಿದ್ದೇವೆ. ಅವ್ವ ಮಾತ್ರ "ಈ ಬಿಸಲಾಗ ಛತ್ತ ಇಲ್ಲದ ಗಾಡ್ಯಾಗ ಹೋಗತೀರಿ, ತಲಿ ಕೆಟ್ಟದೇನು" ಅಂತ ಬೈಯುತ್ತಿದ್ದಾಳೆ. ನಮ್ಮ ಕಡೆ ಬೇಸಿಗೆಯಲ್ಲಿ ಓಪನ್ ಕಾರಿನ ಸುಖ ಪಡೆಯಲು ಆಗುತ್ತದೆಯೇ? ಯಾವ ದಾರಿ, ಯಾವ ಹೊತ್ತು? ಟಾಪಿನ ಕಾಳಜಿ ಹೇಗೆ?

ಉತ್ತರ: ಖಂಡಿತ ಆಗುತ್ತದೆ. ಆದರೆ ನಸುಕಿನಿಂದ ಬೆಳಗಿನ ಎಂಟೂವರೆಯವರೆಗೆ, ಮತ್ತೆ ಸಂಜೆ ಆರರ ಮೇಲೆ. ನಡುವಿನ ಹೊತ್ತಿನ ವಿಷಯದಲ್ಲಿ ನಿಮ್ಮ ಅವ್ವ ಹೇಳಿದ್ದೇ ಸರಿ.

ಈ ಜಾತಿಯ ಕಾರು ಹುಟ್ಟಿ ಬೆಳೆದದ್ದು ತಂಪು ದೇಶಗಳಲ್ಲಿ. ಎಂಜಿ, ಟ್ರಯಂಫ್ ಮುಂತಾದ ಹಳೆಯ ಹೆಸರುಗಳೆಲ್ಲ ಇಂಗ್ಲೆಂಡಿನವು. ಜಪಾನಿನ ಮಾಜ್ಡಾ ಕಂಪನಿ 1989ರಲ್ಲಿ ಎಂಎಕ್ಸ್-5 ತಂದು, ಮರೆತುಹೋಗುತ್ತಿದ್ದ ಈ ಪುಟ್ಟ ಕಾರಿನ ಗೀಳನ್ನು ಮತ್ತೆ ಜಗತ್ತಿಗೆ ಹಚ್ಚಿತು. ಇಂಗ್ಲೆಂಡಿನಂಥ ಕಡೆ ವರ್ಷದ ಹೆಚ್ಚಿನ ದಿನ ಮೋಡ, ಮಳೆ, ಚಳಿ. ಅಲ್ಲಿನವರು ಬಿಸಿಲು ಬಿದ್ದ ಕೂಡಲೇ ಟಾಪ್ ತೆರೆಯುತ್ತಾರೆ. ನಾವು ಬಿಸಿಲು ಬಿದ್ದ ಕೂಡಲೇ ಮುಚ್ಚಬೇಕು. ನೀವು ಈ ಕಾರಿನ ಬಗ್ಗೆ ಓದುವ ಸಲಹೆಗಳನ್ನೆಲ್ಲ ಹೀಗೆ ತಿರುವಿ ಓದಿಕೊಂಡರೆ ಕಲಬುರಗಿಗೆ ಹೊಂದುತ್ತವೆ.

"ಗಾಳಿ ಬರುತ್ತದಲ್ಲ, ತಂಪಾಗಿಯೇ ಇರುತ್ತದೆ" ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ನಮ್ಮ ಚರ್ಮದ ಮೇಲ್ಮೈ ಶಾಖ ಸುಮಾರು 33ರಿಂದ 35 ಡಿಗ್ರಿ. ಗಾಳಿ ಅದಕ್ಕಿಂತ ತಂಪಾಗಿರುವವರೆಗೆ ಮೈಯ ಕಾವನ್ನು ಎತ್ತಿಕೊಂಡು ಹೋಗುತ್ತದೆ. ಅದಕ್ಕಿಂತ ಬಿಸಿಯಾಯಿತೋ, ಅದೇ ಗಾಳಿ ಮೈಗೆ ಕಾವು ತಂದು ಸುರಿಯತೊಡಗುತ್ತದೆ. ಆಮೇಲೆ ನಮ್ಮನ್ನು ಕಾಯುವುದು ಬೆವರೊಂದೇ. ಕಲಬುರಗಿಯ ಒಣ ಹವೆಯಲ್ಲಿ, ಅರವತ್ತರ ವೇಗದಲ್ಲಿ, ಆ ಬೆವರು ಹುಟ್ಟಿದ ಜಾಗದಲ್ಲೇ ಆರಿಹೋಗುತ್ತದೆ. ಅಂಗಿ ಒದ್ದೆಯಾಗುವುದಿಲ್ಲ, ಹಣೆ ಜಿಗುಟಾಗುವುದಿಲ್ಲ. ಹೀಗಾಗಿ ಮೈಯಿಂದ ಎಷ್ಟು ನೀರು ಹೋಯಿತೆಂಬುದು ತಿಳಿಯುವುದೇ ಇಲ್ಲ. ಏಪ್ರಿಲ್ ಕೊನೆಗೆ ನಮ್ಮಲ್ಲಿ ಹನ್ನೊಂದರ ಹೊತ್ತಿಗೇ ಗಾಳಿಯ ಬಿಸಿ ಆ ಗೆರೆ ದಾಟಿರುತ್ತದೆ. ಮಧ್ಯಾಹ್ನಕ್ಕೆ 40, ಮೇ ತಿಂಗಳಲ್ಲಿ 42-43.

ಕೆಲವು ವರ್ಷದ ಹಿಂದೆ ಏಪ್ರಿಲ್ ನಡುವಿನಲ್ಲಿ ನಾನೂ ನನ್ನ ಮೈದುನನೂ ಬಸವಕಲ್ಯಾಣದ ಕೋಟೆ ನೋಡಿ ಮಧ್ಯಾಹ್ನ ಹನ್ನೆರಡಕ್ಕೆ ಟಾಪ್ ತೆರೆದುಕೊಂಡೇ ಹೊರಟೆವು. ಹುಮನಾಬಾದ್ ದಾಟುವವರೆಗೆ ಅವನ ಮಾತು ನಿಲ್ಲಲಿಲ್ಲ. ಕಿಣ್ಣಿ ಸಡಕ್ ಬರುವ ಹೊತ್ತಿಗೆ ಸುಮ್ಮನಾದ. ನಿದ್ದೆ ಬಂದಿರಬೇಕು ಎಂದುಕೊಂಡೆ. ಕಮಲಾಪುರದ ಹತ್ತಿರ ಏನೋ ಕೇಳಿದರೆ ಅಡ್ಡಾದಿಡ್ಡಿ ಉತ್ತರ ಕೊಟ್ಟ. ಹಣೆ ಮುಟ್ಟಿದೆ, ಕಾದ ಹಂಚಿನಂತೆ ಒಣಗಿ ಸುಡುತ್ತಿತ್ತು. ದಾರಿಬದಿಯ ಚಹಾ ಅಂಗಡಿಯವರು ಅವನನ್ನು ಬೇವಿನ ನೆರಳಿಗೆ ಮಲಗಿಸಿ ಕೊಡಗಟ್ಟಲೆ ನೀರು ಹೊಯ್ದರು, ಒದ್ದೆ ದಸ್ತಿ ಹಾಕಿ ಬೀಸಿದರು. ಅಷ್ಟರಲ್ಲಿ 108ರ ಗಾಡಿ ಬಂತು. ಅವನು ಚೇತರಿಸಿಕೊಂಡ. ಆ ದಿನದಿಂದ ನನ್ನ ಗಾಡಿಯ ಟಾಪ್ ಎಂಟೂವರೆ ದಾಟಿ ತೆರೆದಿಲ್ಲ. ಜೊತೆಯಲ್ಲಿದ್ದವರು ಅಡ್ಡಾದಿಡ್ಡಿ ಮಾತಾಡಿದರೆ, ಮೈ ಸುಡುತ್ತಿದ್ದರೆ, ಅದು ದಣಿವಲ್ಲ. ಗಾಡಿ ನಿಲ್ಲಿಸಿ, ನೀರು ಹೊಯ್ಯಿರಿ, 108ಕ್ಕೆ ಫೋನ್ ಮಾಡಿ.

ಇಷ್ಟು ಹೆದರಿಸಿದ ಮೇಲೆ ಸುಖದ ಮಾತಿಗೆ ಬರುತ್ತೇನೆ, ಏಕೆಂದರೆ ನಮ್ಮ ಬೇಸಿಗೆಯ ನಸುಕಿನಂಥ ನಸುಕು ಓಪನ್ ಕಾರಿಗೆ ಬೇರೆಲ್ಲೂ ಸಿಗದು ಎಂದು ನಾನು ನಂಬಿದ್ದೇನೆ. ಬೆಳಗಿನ ಐದಕ್ಕೆ 26-27 ಡಿಗ್ರಿ. ಚಳಿಯಿಲ್ಲ, ಮಂಜಿಲ್ಲ, ಮಳೆಯ ಭಯವಿಲ್ಲ. ಮಲೆನಾಡಿನವರಿಗೆ ಈ ಹೊತ್ತಿನಲ್ಲಿ ಜಾಕೆಟ್ ಬೇಕು, ಕರಾವಳಿಯವರಿಗೆ ಆಗಲೇ ಬೆವರು. ನಮಗೆ ತೆಳು ಹತ್ತಿ ಅಂಗಿ ಸಾಕು. ಮಾರ್ಚ್-ಏಪ್ರಿಲ್‌ನಲ್ಲಿ ಬೇವು ಹೂವು ಬಿಟ್ಟಿರುತ್ತದೆ. ಗಾಜು ಏರಿಸಿ ಏಸಿ ಹಾಕಿಕೊಂಡು ಹೋಗುವವರಿಗೆ ಆ ಸಾಲುಮರಗಳು ಬರೀ ಮರಗಳು. ಟಾಪ್ ತೆರೆದವರಿಗೆ ಪ್ರತಿ ಮರವೂ ಒಂದೊಂದು ಪರಿಮಳದ ಕೋಣೆ, ಒಳಗೆ ಹೊಕ್ಕು ಹೊರಗೆ ಬಂದಂತೆ. ಹುಣಸೆ ಮರದಡಿ ಗಾಳಿ ಒಂದೆರಡು ಡಿಗ್ರಿ ತಂಪು, ಅದೂ ಕೆನ್ನೆಗೆ ಗೊತ್ತಾಗುತ್ತದೆ. ನೀರು ಹಾಯಿಸಿದ ಕಬ್ಬಿನ ಹೊಲ ಬಂದರೆ ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಕಪ್ಪು ಮಣ್ಣಿನ ಎರಿ ಹೊಲದ ಬಿರುಕಿನ ವಾಸನೆಯೇ ಬೇರೆ, ಬೀದರಿನ ಕೆಂಪು ಮಣ್ಣಿನದೇ ಬೇರೆ.

ಈ ಸುಖ ಸಿಗುವುದು 50-60ರ ವೇಗದಲ್ಲಿ. ನೂರರ ಮೇಲೆ ಹೋದರೆ ಟಾಪ್ ತೆರೆದ ಕಾರಿನೊಳಗಿನ ಗದ್ದಲ 85 ಡೆಸಿಬೆಲ್ ದಾಟುತ್ತದೆ. ಗಂಟೆಗಟ್ಟಲೆ ಹಾಗೆ ಹೋದರೆ ಕಿವಿಗೆ ಒಳ್ಳೆಯದಲ್ಲ, ಪಕ್ಕದವರ ಮಾತೂ ಕೇಳಿಸದು. ಇನ್ನೊಂದು ವಿಷಯ. ಗಾಳಿ ಮುಂಗಾಜಿನ ಮೇಲಿಂದ ಹಾರಿ, ಸೀಟಿನ ಹಿಂದೆ ಇಳಿದು, ತಿರುಗಿ ಮುಂದಕ್ಕೆ ನುಗ್ಗುತ್ತದೆ. ಅದಕ್ಕೇ ಕುತ್ತಿಗೆಯ ಹಿಂಭಾಗ ಬೇಗ ಒಣಗುತ್ತದೆ, ಧೂಳೂ ಹಿಂದಿನಿಂದಲೇ ಬಂದು ಕೂಡುತ್ತದೆ. ಪಕ್ಕದ ಕಿಟಕಿ ಗಾಜು ಏರಿಸಿಕೊಂಡು, ಸೀಟಿನ ಹಿಂದೆ ಬಲೆಯ ಗಾಳಿತಡೆ ಹಾಕಿಕೊಂಡರೆ ಅರ್ಧಕ್ಕರ್ಧ ಕಾಟ ತಪ್ಪುತ್ತದೆ. ನಿಮ್ಮ ಗಾಡಿಯ ಜೊತೆ ಆ ಬಲೆ ಬಂದಿದೆಯೇ ನೋಡಿ, ಹಳೆ ಮಾಲೀಕರು ಅದನ್ನು ಎಲ್ಲೋ ಎತ್ತಿಟ್ಟು ಮರೆತಿರುವುದೇ ಹೆಚ್ಚು.

ಈಗ ದಾರಿಗಳು. ಮೊದಲಿಗೆ ಬೀದರ್. ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ಮೇಲೆ ರಾಷ್ಟ್ರೀಯ ಹೆದ್ದಾರಿ 50 ಹಿಡಿದು ಸುಮಾರು 115 ಕಿ.ಮೀ. ಈ ದಾರಿ ಈಶಾನ್ಯಕ್ಕೆ ಹೋಗುತ್ತದೆ, ಹುಮನಾಬಾದಿನ ನಂತರ ಹೆಚ್ಚುಕಡಿಮೆ ಪೂರ್ವಕ್ಕೇ ತಿರುಗುತ್ತದೆ. ಏಪ್ರಿಲ್‌ನಲ್ಲಿ ಸೂರ್ಯ ಆರರ ಆಸುಪಾಸು ಹುಟ್ಟುತ್ತಾನೆ. ತಡವಾಗಿ ಹೊರಟರೆ ಆ ಕೊನೆಯ 50 ಕಿ.ಮೀ. ಪೂರ್ತಿ ಎಳೆಬಿಸಿಲು ನೆಟ್ಟಗೆ ಕಣ್ಣಿಗೆ ಹೊಡೆಯುತ್ತದೆ. ಸ್ಪೋರ್ಟ್ಸ್ ಕಾರಿನ ಮುಂಗಾಜು ಗಿಡ್ಡ, ಬಿಸಿಲುಪಟ್ಟಿ ಇನ್ನೂ ಗಿಡ್ಡ. ಅದಕ್ಕೇ ನಾಲ್ಕೂವರೆಗೆ ಕಲಬುರಗಿ ಬಿಡಿ. ಆ ಹೊತ್ತಿಗೆ ತಲೆಯ ಮೇಲೆ ಇನ್ನೂ ಚುಕ್ಕೆಗಳಿರುತ್ತವೆ, ದಕ್ಷಿಣಕ್ಕೆ ವೃಶ್ಚಿಕ ರಾಶಿ ಚೇಳಿನಂತೆ ಬಾಲ ಸುತ್ತಿ ನಿಂತಿರುತ್ತದೆ. ಹುಳಗಳು ಕಣ್ಣಿಗೆ ಹೊಡೆಯದಂತೆ ಬಣ್ಣವಿಲ್ಲದ ಗಾಜಿನ ಕನ್ನಡಕ ಹಾಕಿಕೊಳ್ಳಿ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದ್ದು ನಿಮಗೆ ಗೊತ್ತಿರಬೇಕು, ಬರುವಾಗ ಒಂದು ಚಿಪ್ಪು ತನ್ನಿ. ಹುಮನಾಬಾದಿನಲ್ಲಿ ಬೆಳಕು ಹರಿಯುತ್ತದೆ. ಅಲ್ಲಿಂದ ಮುಂದೆ ನೆಲದ ಬಣ್ಣ ಕಪ್ಪಿನಿಂದ ಕೆಂಪಿಗೆ ಹೊರಳುವುದನ್ನು ಎರಡೂ ಬದಿ ನೋಡುತ್ತ ಹೋಗಿ. ಬೀದರ್ ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರ, ಕಲಬುರಗಿಗಿಂತ ಇನ್ನೂರು ಮೀಟರ್ ಮೇಲೆ. ಒಂದೆರಡು ಡಿಗ್ರಿಯ ವ್ಯತ್ಯಾಸ ಕೇಳಲು ಸಣ್ಣದು, ತೆರೆದ ಗಾಡಿಯಲ್ಲಿ ಅದು ಮೈಗೆ ತಾಕುತ್ತದೆ.

ಎಂಟರೊಳಗೆ ಕೋಟೆ ಸೇರಿ, ಟಾಪ್ ಹಾಕಿ ಬೀಗ ಹಾಕಿ. ಹಗಲೆಲ್ಲ ಬೀದರಿನ ದಪ್ಪ ಗೋಡೆಗಳ ನೆರಳಿನಲ್ಲಿರಿ. ಬಹಮನಿ ಮಂತ್ರಿ ಮಹಮೂದ್ ಗವಾನರ 1472ರ ಮದರಸಾ, ರಂಗೀನ್ ಮಹಲ್, ಆಮೇಲೆ ಊಟ, ನಿದ್ದೆ. ಸಂಜೆ ಐದೂವರೆಗೆ ಎದ್ದು, ಆರಕ್ಕೆ ಟಾಪ್ ತೆರೆದು, ಊರ ಪೂರ್ವಕ್ಕಿರುವ ಅಷ್ಟೂರಿನ ಬಹಮನಿ ಗೋರಿಗಳ ಕಡೆ ಹೋಗಿ. ನಾಲ್ಕೈದು ಕಿಲೋಮೀಟರಿನೊಳಗಿನ ದಾರಿ. ಹಿಂದಿನಿಂದ ಬರುವ ಸಂಜೆಯ ಬೆಳಕು ಆ ಗುಮ್ಮಟಗಳ ಮೇಲೆ ಬೀಳುವುದನ್ನು ನೋಡಲು ಇದಕ್ಕಿಂತ ಒಳ್ಳೆಯ ಸೀಟು ಇಲ್ಲ. ಅದೇ ಸಂಜೆ ಕಲಬುರಗಿಗೆ ಮರಳುವ ಯೋಚನೆ ಮಾಡಬೇಡಿ, ಮುಳುಗುವ ಸೂರ್ಯ ಈಗ ಎದುರಿಗೆ ಬಂದಿರುತ್ತಾನೆ. ರಾತ್ರಿ ಉಳಿದು ಮರುದಿನ ನಸುಕಿನಲ್ಲಿ ಹೊರಟರೆ ಬೆಳಕೆಲ್ಲ ಬೆನ್ನಿಗೆ. ನನ್ನ ಲೆಕ್ಕದಲ್ಲಿ ಈ ಇಡೀ ತಿರುಗಾಟದಲ್ಲಿ ಅದೇ ಬಂಗಾರದಂಥ ಎರಡು ಗಂಟೆ.

ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಹುಮಾಯೂನ್ ಷಾ ಗೋರಿಯ ಎದುರು ಒಂದು ಗಳಿಗೆ ನಿಲ್ಲಿ. ಸಿಡಿಲು ಬಡಿದು ಅದರ ಗುಮ್ಮಟ ಅರ್ಧ ಸೀಳಿ ಬಿದ್ದಿದೆ, ಒಳಗಿನ ಬಾಗು ಹೊರಗೆ ಕಾಣುತ್ತದೆ. ಅದನ್ನು ನೋಡಿದವರಿಗೆ ನಾನು ಹೇಳುವ ಮಾತು ಬೇಗ ಮನಸ್ಸಿಗೆ ಹೋಗುತ್ತದೆ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದ ಮೇಲೆ ನಮ್ಮ ಕಡೆ ಇದ್ದಕ್ಕಿದ್ದಂತೆ ಗಾಳಿಯೆದ್ದು, ಗುಡುಗು-ಸಿಡಿಲು ಬರುತ್ತದೆ, ಕೆಲವೊಮ್ಮೆ ಆಲಿಕಲ್ಲು. ಮಾಮೂಲಿ ಕಾರಿನಲ್ಲಿ ಕೂತವರು ಸಿಡಿಲಿನಿಂದ ಬಹುಮಟ್ಟಿಗೆ ಸುರಕ್ಷಿತ, ಸುತ್ತಲಿನ ಲೋಹದ ಗೂಡು ವಿದ್ಯುತ್ತನ್ನು ತನ್ನ ಮೈಮೇಲಿಂದಲೇ ನೆಲಕ್ಕೆ ಹರಿಸುತ್ತದೆ. ಟೈರಿನ ರಬ್ಬರ್ ಕಾಯುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ನಿಮ್ಮ ಗಾಡಿಗೆ ತಲೆಯ ಮೇಲೆ ಲೋಹವಿಲ್ಲ, ಬರೀ ಬಟ್ಟೆ. ಟಾಪ್ ಹಾಕಿದರೂ ಆ ರಕ್ಷಣೆ ಸಿಗದು. ಆದ್ದರಿಂದ ಮೋಡ ಕಟ್ಟಿ ಗುಡುಗು ಕೇಳಿಸಿದರೆ ಬಯಲಲ್ಲಿ ಓಡಿಸುತ್ತ ಹೋಗಬೇಡಿ, ಒಂಟಿ ಮರದಡಿ ನಿಲ್ಲಲೂ ಬೇಡಿ. ಪೆಟ್ರೋಲ್ ಬಂಕಿನ ಕೋಣೆಯೋ, ಧಾಬಾವೋ, ಗಟ್ಟಿ ಕಟ್ಟಡದ ಒಳಗೆ ಹೋಗಿ ಕೂಡಿ, ಗುಡುಗು ನಿಂತು ಅರ್ಧ ಗಂಟೆಯಾದ ಮೇಲೆ ಹೊರಡಿ. ಆಲಿಕಲ್ಲು ಬಿದ್ದರೆ ಟಾಪು ಹರಿಯುತ್ತದೆ, ಅದಕ್ಕೆ ಪರಿಹಾರವಿದೆ.

ಎರಡನೆಯ ದಾರಿ ಯಾದಗಿರಿ ಜಿಲ್ಲೆಯದು. ಕಟ್ಟಿಸಂಗಾವಿ ಸೇತುವೆಯ ಮೇಲೆ ಭೀಮೆ ದಾಟಿ, ಜೇವರ್ಗಿಯ ಮೇಲೆ ಶಹಾಪುರಕ್ಕೆ, ಮನಸ್ಸಿದ್ದರೆ ಮುಂದೆ ಸುರಪುರಕ್ಕೆ. ಇದು ನೆಟ್ಟಗೆ ದಕ್ಷಿಣಕ್ಕೆ ಹೋಗುವ ದಾರಿ. ಬೆಳಿಗ್ಗೆ ಹೋಗುವಾಗ ಬಿಸಿಲು ಎಡಕ್ಕೆ, ಸಂಜೆ ಮರಳುವಾಗಲೂ ಬಿಸಿಲು ಎಡಕ್ಕೇ. ಅಂದರೆ ಎರಡು ಸಲವೂ ನಿಮ್ಮ ಹೆಂಡತಿಯ ಕೆನ್ನೆಗೇ! ಅವರಿಗೂ ಲೈಸೆನ್ಸ್ ಇದ್ದರೆ ಬರುವಾಗ ಸ್ಟೀರಿಂಗ್ ಅವರ ಕೈಗೆ ಕೊಡಿ, ನ್ಯಾಯವೂ ಹೌದು. ಸೇತುವೆಯ ಮೇಲೆ ಬೆಳಗಿನ ಭೀಮೆಯ ತಂಪು ಒಮ್ಮೆಲೇ ಮುಖಕ್ಕೆ ಬರುತ್ತದೆ, ಬೇಸಿಗೆಯಲ್ಲಿ ನೀರು ಸೊರಗಿದ್ದರೂ. ಶಹಾಪುರದ ಹತ್ತಿರ ಗುಡ್ಡಗಳ ಸಾಲು ಮಲಗಿದ ಬುದ್ಧನಂತೆ ಕಾಣುತ್ತದೆ, ಹಣೆ, ಮೂಗು, ಗದ್ದ ಎಲ್ಲ ಬಿಡಿಸಿಟ್ಟಂತೆ. ಆ ಗೆರೆಗಳು ಸ್ಪಷ್ಟವಾಗುವುದು ಬೆಳಕು ಓರೆಯಾಗಿದ್ದಾಗ. ಸುರಪುರದಲ್ಲಿ ಗುಡ್ಡದ ಮೇಲೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇದ್ದ ಬಂಗಲೆ, ಟೇಲರ್ ಮಂಜಿಲ್ ಇದೆ. ಆ ಏರು ದಾರಿಗೆ ನಿಮ್ಮ ಗಾಡಿಯನ್ನು ಒಯ್ಯುವ ಮೊದಲು ಇಳಿದು, ನಡೆದು ನೋಡಿ ಬನ್ನಿ.

ಚಿಂಚೋಳಿ ಕಾಡಿನ ಆಸೆ ಎಲ್ಲರಿಗೂ ಇರುತ್ತದೆ. 2011ರಲ್ಲಿ ವನ್ಯಜೀವಿಧಾಮವಾದ ಈ ಒಣ ಕಾಡಿನಲ್ಲಿ ಟಾಪ್ ತೆರೆದು ಚಂದ್ರಂಪಳ್ಳಿ ಕಡೆ ಹೋದರೆ ಹಕ್ಕಿಗಳ ದನಿ ನಾಲ್ಕೂ ಕಡೆಯಿಂದ ಕೇಳಿಸುತ್ತದೆ. ಆದರೆ ಬೇಸಿಗೆಯಲ್ಲಿ ಎಲೆಯುದುರಿ ಕಾಡು ಬೋಳಾಗಿರುತ್ತದೆ, ನೆರಳು ಕಡಿಮೆ. ಮೊದಲ ಮಳೆ ಬಿದ್ದ ಮೇಲಿನ ಜೂನ್ ಕೊನೆಗೆ ಅದನ್ನು ಇಟ್ಟುಕೊಳ್ಳಿ. ಬೇಸಿಗೆಯಲ್ಲೇ ಹೋಗುವುದಾದರೆ ಬೀಡಿ-ಸಿಗರೇಟಿನ ಕಿಡಿ ತೆರೆದ ಗಾಡಿಯಿಂದ ಹಾರದಂತೆ ನೋಡಿಕೊಳ್ಳಿ, ತರಗೆಲೆಗೆ ಅಷ್ಟೇ ಸಾಕು.

ಶಹಾಬಾದ್, ವಾಡಿ, ಸೇಡಂ ಕಡೆಯ ದಾರಿಗಳಲ್ಲಿ ಟಾಪ್ ತೆರೆಯಬೇಡಿ. ಹಾಸುಗಲ್ಲು ಹೊತ್ತ ಲಾರಿ, ಸಿಮೆಂಟ್ ಟ್ಯಾಂಕರ್‌ಗಳ ಹಿಂದೆ ಹತ್ತು ನಿಮಿಷ ಹೋದರೆ ಸುಣ್ಣದಂಥ ಪುಡಿ ರೆಪ್ಪೆಯ ಮೇಲೂ ಕೂಡುತ್ತದೆ. ರಾಷ್ಟ್ರಕೂಟರ ರಾಜಧಾನಿ ಮಳಖೇಡ ಆ ದಾರಿಯಲ್ಲೇ ಇದೆ, ನೋಡಲೇಬೇಕು. ಟಾಪ್ ಮುಚ್ಚಿಕೊಂಡು ಹೋಗಿ, ಕಾಗಿಣಾ ಹೊಳೆಯ ದಂಡೆಯಲ್ಲಿ ಇಳಿದು ಗಾಳಿ ತಗೊಳ್ಳಿ.

ಉಡುಪಿನ ವಿಷಯದಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಟೋಪಿ ಹಾರುತ್ತದೆ, ನಮ್ಮ ಹಿರಿಯರ ರುಮಾಲು ಹಾರುವುದಿಲ್ಲ, ಕುತ್ತಿಗೆಯನ್ನೂ ಮುಚ್ಚುತ್ತದೆ, ಅದನ್ನೇ ಬಿಗಿಯಾಗಿ ಸುತ್ತಿಕೊಳ್ಳಿ. ಆದರೆ ಉದ್ದನೆಯ ದುಪಟ್ಟಾ, ಸೀರೆಯ ಸೆರಗು, ಶಾಲು ಯಾವುದೂ ಗಾಡಿಯಿಂದ ಹೊರಗೆ ಜೋಲಾಡಬಾರದು. 1927ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಇಸಡೋರಾ ಡಂಕನ್ ಎಂಬ ಹೆಸರಾಂತ ನೃತ್ಯಗಾರ್ತಿ ತೆರೆದ ಕಾರಿನಲ್ಲಿ ಹೋಗುವಾಗ, ಕುತ್ತಿಗೆಯ ಉದ್ದನೆಯ ಶಾಲು ಚಕ್ರಕ್ಕೆ ಸುತ್ತಿಕೊಂಡು ಪ್ರಾಣ ಕಳೆದುಕೊಂಡರು. ತಗ್ಗಾದ ಬಾಗಿಲು, ಕೈಗೆಟಕುವ ಚಕ್ರ, ನಿಮ್ಮ ಗಾಡಿಯೂ ಅಂಥದ್ದೇ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅದರ ಮೇಲೆ ಸೀಟ್ ಬೆಲ್ಟ್.

ಕುಡಿಯಲು ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಉಪ್ಪು ಹಾಕಿದ ಮಜ್ಜಿಗೆ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕೆಡುವುದಿಲ್ಲ, ಹಾರುವುದೂ ಇಲ್ಲ. ಸುಸಲಾ ಮಿರ್ಚಿಯನ್ನು ಊರು ಸೇರಿ ಕೂತು ತಿನ್ನಿ.

ನಮ್ಮ ದಾರಿಗಳಲ್ಲಿ ಈ ಗಾಡಿಗೆ ನಿಜವಾದ ವೈರಿ ಹಂಪ್. ಮಾಮೂಲಿ ಕಾರಿನ ಹೊಟ್ಟೆ ನೆಲದಿಂದ 16-17 ಸೆಂ.ಮೀ. ಮೇಲಿದ್ದರೆ ನಿಮ್ಮದು 11ರಿಂದ 13ರೊಳಗೆ. ಹಳ್ಳಿಯ ಮುಂದಿನ, ಬಣ್ಣ ಬಳಿಯದ ಹಂಪುಗಳು ನಸುಕಿನಲ್ಲಿ ಕಾಣುವುದೇ ಇಲ್ಲ. ಹಳ್ಳಿ ಬಂತೆಂದರೆ ಮೂವತ್ತಕ್ಕೆ ಇಳಿಯಿರಿ, ಎತ್ತರದ ಹಂಪನ್ನು ಓರೆಯಾಗಿ, ಒಂದೊಂದೇ ಗಾಲಿ ಏರುವಂತೆ ದಾಟಿಸಿ. ಟೈರಿನ ಗಾಳಿಯನ್ನು ಹೊರಡುವ ಮೊದಲು, ತಂಪಿರುವಾಗ ನೋಡಿ. ಓಡಿ ಕಾದ ಟೈರಿನಲ್ಲಿ ಒತ್ತಡ ಏರಿರುವುದು ಸಹಜ, ಅದನ್ನು ಕಂಡು ಗಾಳಿ ಬಿಡಬಾರದು. ಇಂಥ ಬಹಳ ಗಾಡಿಗಳಲ್ಲಿ ಸ್ಟೆಪ್ನಿ ಇರುವುದಿಲ್ಲ. ಡಿಕ್ಕಿ ತೆಗೆದು ನೋಡಿ, ಇಲ್ಲದಿದ್ದರೆ ಪಂಕ್ಚರ್ ಕಿಟ್ ಮತ್ತು ಪುಟ್ಟ ಕಂಪ್ರೆಸರ್ ಇಟ್ಟುಕೊಳ್ಳದೆ ಊರು ಬಿಡಬೇಡಿ.

ಇನ್ನು ಟಾಪು. ಅದನ್ನು ಹಾಳುಮಾಡುವುದು ಮಳೆಗಿಂತ ನಮ್ಮ ಧೂಳು. ಧೂಳು ಕೂತ ಬಟ್ಟೆಯನ್ನು ಹಾಗೇ ಮಡಚಿದರೆ ಆ ಕಣಗಳು ಮಡಿಕೆಯಲ್ಲಿ ಮರಳುಕಾಗದದಂತೆ ಉಜ್ಜುತ್ತವೆ. ತೆರೆಯುವ ಮೊದಲು ಮೆದು ಬ್ರಷ್‌ನಿಂದ ಒಂದೇ ದಿಕ್ಕಿಗೆ ಹೊಡೆದುಬಿಡಿ. ಹಿಂದಿನ ಕಿಟಕಿ ಪ್ಲಾಸ್ಟಿಕ್‌ನದಾದರೆ ಒಣ ಬಟ್ಟೆಯಿಂದ ಒರೆಸಲೇಬೇಡಿ, ನೀರು ಹಾಕಿ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಜೋರು ನೀರಿನ ಗನ್ ಹೊಲಿಗೆಯ ಹತ್ತಿರ ಬರಬಾರದು. ತೊಳೆದ ಮೇಲೆ ಪೂರ್ತಿ ಒಣಗುವವರೆಗೆ ಮಡಚಬಾರದು, ಒಳಗೆ ಬೂಜು ಹಿಡಿಯುತ್ತದೆ. ರಬ್ಬರ್ ಅಂಚುಗಳಿಗೆ ಸಿಲಿಕಾನ್ ಎಣ್ಣೆ ಹಚ್ಚಿ, ಗ್ರೀಸ್ ಬೇಡ, ಅದು ರಬ್ಬರನ್ನು ಉಬ್ಬಿಸುತ್ತದೆ.

ಹೆಚ್ಚಿನವರಿಗೆ ಗೊತ್ತಿಲ್ಲದ್ದು ಟಾಪಿನ ಬುಡದ ನೀರುಕಿಂಡಿಗಳು. ಬಟ್ಟೆಯ ಮೇಲೆ ಬಿದ್ದ ನೀರು ಎರಡೂ ಬದಿಯ ಸಣ್ಣ ಕೊಳವೆಗಳ ಮೂಲಕ ಗಾಡಿಯ ಕೆಳಗೆ ಇಳಿದುಹೋಗಬೇಕು. ಬೇಸಿಗೆಯೆಲ್ಲ ಬೇವಿನಡಿ ನಿಲ್ಲಿಸಿದ ಗಾಡಿಯಲ್ಲಿ ಬೇವಿನ ಹೂವೂ ಧೂಳೂ ಸೇರಿ ಅಲ್ಲಿ ಗಟ್ಟಿ ಮುದ್ದೆಯಾಗಿ ಕೂತಿರುತ್ತದೆ. ಜೂನ್‌ನ ಮೊದಲ ದೊಡ್ಡ ಮಳೆಗೆ ನೀರು ಇಳಿಯಲು ದಾರಿಯಿಲ್ಲದೆ ಸೀಟಿನ ಕೆಳಗೆ ಹರಿದು, ಅಲ್ಲಿರುವ ವೈರುಗಳನ್ನು ತೋಯಿಸುತ್ತದೆ. ಇಂಥ ಗಾಡಿಗಳನ್ನು ನಾನು ಸಾಕಷ್ಟು ಬಿಚ್ಚಿ ನೋಡಿದ್ದೇನೆ, ಪ್ರತಿಸಲವೂ ಅದೇ ಹೂವು. ತಿಂಗಳಿಗೊಮ್ಮೆ ಒಂದು ಲೋಟ ನೀರು ಆ ಕಿಂಡಿಗೆ ಹೊಯ್ದು, ಗಾಲಿಯ ಹಿಂದೆ ನೆಲಕ್ಕೆ ಬೀಳುತ್ತದೆಯೇ ನೋಡಿ. ಬೀಳದಿದ್ದರೆ ಮೆತ್ತನೆಯ ಪ್ಲಾಸ್ಟಿಕ್ ದಾರ ತೂರಿಸಿ ಬಿಡಿಸಿ, ತಂತಿ ಹಾಕಿದರೆ ಕೊಳವೆ ಹರಿಯುತ್ತದೆ.

ಹಗಲು ನಿಲ್ಲಿಸುವಾಗ ಟಾಪ್ ಹಾಕಿ, ಸೀಟು ಮತ್ತು ಡ್ಯಾಶ್‌ಬೋರ್ಡ್ ಮೇಲೆ ಮನೆಯ ಹಳೆ ಕೌದಿ ಹೊದಿಸಿ. ಹತ್ತಿಬಟ್ಟೆಯ ಪದರಗಳಷ್ಟು ಒಳ್ಳೆಯ ಬಿಸಿಲುತಡೆ ಅಂಗಡಿಯಲ್ಲಿ ನನಗೆ ಸಿಕ್ಕಿಲ್ಲ. ಕರಿ ಚರ್ಮದ ಸೀಟು ನಮ್ಮ ಬಿಸಿಲಿಗೆ ತೊಡೆ ಸುಡುವಷ್ಟು ಕಾಯುತ್ತದೆ. ಬ್ಯಾಗು, ಫೋನು ಒಳಗೆ ಬಿಡಬೇಡಿ, ಬಟ್ಟೆ ಕೊಯ್ಯಲು ಒಂದು ಬ್ಲೇಡು ಸಾಕು. ಹಳ್ಳಿಯಲ್ಲಿ ನಿಂತಾಗ ಮಕ್ಕಳು ಬಂದು ಸುತ್ತುವರಿಯುತ್ತಾರೆ. ಗದರಿಸಬೇಡಿ, ಒಬ್ಬೊಬ್ಬರನ್ನಾಗಿ ಸೀಟಿನಲ್ಲಿ ಕೂಡಿಸಿ ಇಳಿಸಿ.

ಕೊನೆಗೆ ನಿಮ್ಮ ಅವ್ವನ ಮಾತು. ಕಲಬುರಗಿ ಕೋಟೆಯ ಜಾಮಿ ಮಸೀದಿಯನ್ನು ಅವರು ನೋಡಿರುತ್ತಾರೆ. 1367ರ ಆ ಕಟ್ಟಡಕ್ಕೆ ತೆರೆದ ಅಂಗಳವೇ ಇಲ್ಲ, ಪೂರ್ತಿ ಗುಮ್ಮಟಗಳ ಛತ್ತು. ಏಪ್ರಿಲ್ ಮಧ್ಯಾಹ್ನ ಅದರೊಳಗೆ ನಿಂತವರಿಗೆ ಅವ್ವ ಏಕೆ ಬೈಯುತ್ತಾಳೆಂದು ತಿಳಿಯುತ್ತದೆ. ಅವರ ಜೊತೆ ವಾದ ಮಾಡಬೇಡಿ. ಬೀದರಿಗೆ ಹೊರಡುವ ವಾರ ಮೊದಲೇ ಒಂದು ದಿನ ನಸುಕಿನ ಐದಕ್ಕೆ ಅವರನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಟಾಪ್ ತೆರೆದು, ಶರಣಬಸವೇಶ್ವರ ಗುಡಿಗೆ ಹೋಗಿ ಬನ್ನಿ. ಸೀಟು ತಗ್ಗು, ಇಳಿಯುವಾಗ ಕೈ ಹಿಡಿಯಬೇಕಾಗುತ್ತದೆ. ಸೆರಗು ಸಿಕ್ಕಿಸುವುದನ್ನು ಮರೆಯಬೇಡಿ. ಊರೊಳಗೆ ಮೂವತ್ತರ ಮೇಲೆ ಹೋಗಬೇಡಿ.